ನೂರರೊಳಗೆ ಬರಲು ಮೂರು ದಾರಿ ಹಿಡಿದು ನೋಡಿದೆ

ಕೋಲಾರದಲ್ಲಿದ್ದುಕೊಂಡು ಗಾಲ್ಫ್ ಆಡ್ತೀನಿ ಅಂದರೆ ನೆಂಟರು ಈಗಲೂ ನಗುತ್ತಾರೆ. ಆದರೂ ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಊರ ಹೊರಗಿನ ಕೋರ್ಸ್‌ನಲ್ಲಿರುತ್ತೇನೆ. 18 ಹೋಲ್, ಪಾರ್ 72, ಅಂದರೆ ಚೆನ್ನಾಗಿ ಆಡುವವರು 72 ಶಾಟ್‌ನಲ್ಲಿ ಮುಗಿಸಬೇಕಾದ ಲೆಕ್ಕ. ನನ್ನ ಆಸೆ ಇಷ್ಟೇ, 100 ಶಾಟ್‌ನೊಳಗೆ ಮುಗಿಸಬೇಕು.

ಮೊದಲು 99 ಅನ್ನೋದನ್ನೇ ತಲೆಯಲ್ಲಿಟ್ಟುಕೊಂಡು, ಪ್ರತಿ ಹೋಲ್ ಆದಮೇಲೂ ಕೂಡಿಸುತ್ತಾ ಆಡಿದೆ. ಒಂದು ದಿನ 15 ಹೋಲ್ ಮುಗಿದಾಗ 82 ಆಗಿತ್ತು. ಉಳಿದ ಮೂರು ಹೋಲ್‌ಗೆ ಪಾರ್ 12, ನನ್ನ ಕೈಯಲ್ಲಿ 17 ಶಾಟ್. ಸುಲಭ ಅಲ್ವಾ? ಹಾಗಂದುಕೊಂಡಿದ್ದೇ ಕೈ ಬಿಗಿಯಾಯಿತು. 16ರಲ್ಲಿ ಬಾಲ್ ಬಲಕ್ಕೆ ತಿರುಗಿ ನೀಲಗಿರಿ ತೋಪು ಸೇರಿತು. ಸುಮ್ನೆ ಪಕ್ಕಕ್ಕೆ ತಳ್ಳಿ ಆಚೆ ಬರಬಹುದಿತ್ತು. ಎರಡು ಮರದ ಸಂದಿಯಲ್ಲಿ ನುಗ್ಗಿಸೋಕೆ ಹೋದೆ. ಟಕ್ ಅಂತ ಕಾಂಡಕ್ಕೆ ಬಡಿದು ನನ್ನ ಕಾಲ ಬುಡಕ್ಕೇ ವಾಪಸ್ ಬಂತು. ಆ ಹೋಲ್‌ಗೆ 9. ಆಮೇಲೆ 5, 7. ಒಟ್ಟು 103.

ಆಮೇಲೆ ಸ್ಟೇಬಲ್‌ಫರ್ಡ್ ಲೆಕ್ಕ. ಇದು ಬ್ರಿಟನ್ನಿನ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫರ್ಡ್ ಮಾಡಿದ್ದು. ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟ ನೋಡಿ ಕೊಡುವ ಶಾಟ್‌ಗಳ ರಿಯಾಯಿತಿ) ಕಳೆದಮೇಲೆ ಪಾರ್ ಬಂದರೆ 2 ಪಾಯಿಂಟ್, ಬೋಗಿಗೆ, ಅಂದರೆ ಪಾರ್‌ಗಿಂತ ಒಂದು ಹೆಚ್ಚಾದರೆ, 1, ಅದಕ್ಕಿಂತ ಕೆಟ್ಟರೆ ಸೊನ್ನೆ. 36 ಬಂದರೆ ನಿಮ್ಮ ಹ್ಯಾಂಡಿಕ್ಯಾಪ್‌ಗೆ ತಕ್ಕಂತೆ ಆಡಿದಿರಿ ಅಂತ. ಎಂಟು ಹೊಡೆದರೂ ಸೊನ್ನೆ, ಹನ್ನೊಂದು ಹೊಡೆದರೂ ಸೊನ್ನೆ. ಬಾಲ್ ಎತ್ತಿ ಜೇಬಿಗೆ ಹಾಕಿಕೊಂಡು ಮುಂದೆ ಹೋಗೋದು. ಮನಸ್ಸಿಗೆ ಬಹಳ ಹಗುರ. ಗೆಳೆಯರ ಜೊತೆ ತಿಂಡಿ ಪಂದ್ಯಕ್ಕೆ ಈಗಲೂ ನಮ್ಮದು ಇದೇ. ಆದರೆ ಎರಡು ತಿಂಗಳಲ್ಲಿ ಸೋಮಾರಿಯಾದೆ. ಬಂಕರ್‌ಗೆ, ಅಂದರೆ ಮರಳುಗುಂಡಿಗೆ, ಬಿದ್ದರೆ ಬಾಲ್ ಎತ್ತಿಬಿಡುತ್ತಿದ್ದೆ. ಹೊರಗೆ ತೆಗೆಯೋದು ಕಲಿಯಲೇ ಇಲ್ಲ.

ಈಗ ನೆಚ್ಚಿಕೊಂಡಿರೋದು ಮೂರನೆಯದನ್ನು. 18 ಹೋಲ್ ಅಂದರೆ ಮೂರು ಮೂರರ ಆರು ಕಂತು. ಕಂತಿಗೆ 16 ಶಾಟ್. ಮೂರೂ ಹೋಲ್ ಬೋಗಿ ಮಾಡಿದರೂ 15, ಇನ್ನೊಂದು ಉಳಿಯುತ್ತೆ. ಜೇಬಲ್ಲಿ ಒಂದು ಚೀಟಿ. ಮೂರು ಹೋಲ್ ಆದ ತಕ್ಷಣ ಹರಿದು ಹಾಕಿ ಹೊಸದು ಶುರು. ಕಾರ್ಡ್ ಬರೆಯೋ ಗೆಳೆಯನಿಗೆ, 'ಒಟ್ಟು ಎಷ್ಟು ಅಂತ ಮಾತ್ರ ಹೇಳ್ಬೇಡ ಕಣಪ್ಪ' ಅಂದಿದ್ದೆ.

ಮೊನ್ನೆ ಮೂರನೇ ಕಂತಿನಲ್ಲಿ 19 ಆಯಿತು. ಹೊಟ್ಟೆ ಉರಿಯಿತು, ಆದರೆ ಚೀಟಿ ಹರಿದಮೇಲೆ ನಿಜಕ್ಕೂ ಮರೆತೆ. ಕೊನೇ ಕಂತಿನಲ್ಲಿ 15. 16ರಲ್ಲಿ ಬಾಲ್ ಮತ್ತೆ ಅದೇ ತೋಪಿಗೆ ಹೋಗಿತ್ತು. ಈ ಸಲ ಪಕ್ಕಕ್ಕೇ ತಳ್ಳಿದೆ.

ಗೆಳೆಯ ಕಾರ್ಡ್ ಕೂಡಿಸಿದ. 98. 15 ಹೋಲ್ ಮುಗಿದಾಗ ಎಷ್ಟಿತ್ತು ಅಂತ ಕೇಳಿದೆ. 83 ಅಂದ. ಅವತ್ತಿಗಿಂತ ಒಂದು ಜಾಸ್ತಿ.