ಜೈಲು: ಸರ್ಕಾರಿಯೋ, ಖಾಸಗಿಯೋ, ಮಿಶ್ರವೋ?

ಬಳ್ಳಾರಿ ಕೇಂದ್ರ ಕಾರಾಗೃಹದಂಥ ಜೈಲನ್ನು ಕಂಪನಿಗೆ ವಹಿಸಿದರೆ ಹೇಗೆ ಎಂದು ಕೇಳಿದ್ದೀರಿ. ಮೊದಲು ಖರ್ಚು ನೋಡೋಣ. ಅಮೆರಿಕದಲ್ಲಿ ಕಂಪನಿಗೆ ಸಾಮಾನ್ಯವಾಗಿ ಕೈದಿಯೊಬ್ಬನಿಗೆ ದಿನಕ್ಕಿಷ್ಟು ಎಂದು ಕೊಡುತ್ತಾರೆ. ದರ ಅಗ್ಗ ಕಾಣುತ್ತದೆ, ಆದರೆ ದುಬಾರಿ ಚಿಕಿತ್ಸೆಯ ರೋಗಿಗಳು ಹೆಚ್ಚಾಗಿ ಸರ್ಕಾರದ ಪಾಲಿಗೇ ಉಳಿಯುತ್ತಾರೆ. ಅರಿಜೋನಾದ ಕೆಲವು ಒಪ್ಪಂದಗಳಲ್ಲಿ ಶೇ 100 ಭರ್ತಿಯ ಖಾತ್ರಿಯಿತ್ತು: ಹಾಸಿಗೆ ಖಾಲಿಯಿದ್ದರೂ ಹಣ ಕಟ್ಟಲೇಬೇಕು.

ಕಂಪನಿಯ ಉಳಿತಾಯವೆಲ್ಲ ಬಹುಪಾಲು ಸಿಬ್ಬಂದಿ ಸಂಬಳದಲ್ಲೇ. ಪೆಟ್ಟು ಬೀಳುವುದೂ ಅಲ್ಲೇ. ಅಮೆರಿಕದ ಐಡಾಹೊ ರಾಜ್ಯದ ಖಾಸಗಿ ಜೈಲೊಂದರಲ್ಲಿ ಸುಮಾರು 4,800 ಗಂಟೆ ಕಾವಲುಗಾರರೇ ಇಲ್ಲದ ಜಾಗಕ್ಕೆ ಹಾಜರಿ ಬರೆದದ್ದನ್ನು 2013ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಸರ್ಕಾರಿ ಜೈಲಿನಲ್ಲೂ ಇಕ್ಕಟ್ಟು, ಖಾಲಿ ಹುದ್ದೆಗಳಿವೆ. ಆದರೆ ಅಲ್ಲಿ ಮಾಹಿತಿ ಹಕ್ಕಿನ ಅರ್ಜಿ ನೇರವಾಗಿ ನಡೆಯುತ್ತದೆ.

ಫ್ರಾನ್ಸ್ 1987ರ ಕಾಯ್ದೆಯಿಂದ ನಡುದಾರಿ ಹಿಡಿಯಿತು. ಅಡುಗೆ, ಬಟ್ಟೆ ಒಗೆತ, ದುರಸ್ತಿ ಗುತ್ತಿಗೆಗೆ. ಬೀಗದ ಕೈ ಸರ್ಕಾರದ ಸೊಂಟದಲ್ಲೇ.

ನಮ್ಮ ಜೈಲುಗಳಲ್ಲಿ ಹೆಚ್ಚಿನವರು ವಿಚಾರಣಾಧೀನರು. ಜಾಮೀನು ತಡವಾದಷ್ಟೂ ಲಾಭ ಬರುವ ಕೈಗೆ ಅವರನ್ನು ಒಪ್ಪಿಸಲೇಬಾರದು. ಊಟ, ಶೌಚಾಲಯವೇ ತೊಂದರೆಯಾಗಿದ್ದರೆ ಫ್ರಾನ್ಸ್ ಮಾದರಿ ಸಾಕು. ಕಟ್ಟಡ ತುರ್ತಾಗಿ ಬೇಕಿದ್ದಾಗ ಮಾತ್ರ ಖಾಸಗಿ ಹಣ ಸರಿ. ಆಗಲೂ ಭರ್ತಿ ಖಾತ್ರಿ ಬೇಡ, ಖಾಲಿ ಬಿಟ್ಟ ಪ್ರತಿ ಪಾಳಿಗೂ ದಂಡ ಬರೆಸಿ.