ಮಾದರಿ ಹಳಿಗೆ ಜಲ್ಲಿ ಅಂಟಿಸಲು ಯಾವುದು ವಾಸಿ: ಬಿಳಿ ಅಂಟೋ, ಮ್ಯಾಟ್ ಮೀಡಿಯಮ್ಮೋ, ಲೇಟೆಕ್ಸೋ?

ಮಾದರಿ ರೈಲಿನ ಲೇಔಟ್‌ನಲ್ಲಿ ಬೆಟ್ಟ, ಮರ, ಸ್ಟೇಷನ್ ಯಾವುದು ಒಪ್ಪದಿದ್ದರೂ ಕಿತ್ತು ಮತ್ತೆ ಮಾಡಬಹುದು. ಹಳಿಗೆ ಜಲ್ಲಿ ಅಂಟಿಸಿದ ಮೇಲೆ ಮಾತ್ರ ಅಷ್ಟು ಸಲಿಗೆ ಇರುವುದಿಲ್ಲ. ಇಲ್ಲಿ ಮೂರು ಅಂಟುಗಳನ್ನೂ ಎರಡು ಬಗೆಯ ಜಲ್ಲಿಯನ್ನೂ ಒಂದೇ ತರಹದ ತಳದ ಮೇಲೆ ಅಕ್ಕಪಕ್ಕ ಹಾಕಿ ಹೋಲಿಸಿದೆ: 9 ಮಿ.ಮೀ. ಪ್ಲೈವುಡ್, ಅದರ ಮೇಲೆ 5 ಮಿ.ಮೀ. ಕಾರ್ಕ್, ಅದರ ಮೇಲೆ ಎಚ್‌ಒ ಅಳತೆಯ, ಅಂದರೆ ನಿಜದ 87ನೇ ಒಂದು ಪಾಲಿನ, ಫ್ಲೆಕ್ಸ್ (ಬಗ್ಗಿಸಬಹುದಾದ) ಹಳಿ. ಫಲಿತಾಂಶವನ್ನು ಮೊದಲೇ ಹೇಳಿಬಿಡಬಹುದು. ಯಾವ ಅಂಟು ಅನ್ನುವುದು ಎರಡನೆಯ ಮಾತು. ಅಂಟು ಬಿಡುವ ಮುಂಚೆ ಜಲ್ಲಿ ಚೆನ್ನಾಗಿ ನೆನೆದಿತ್ತೇ ಅನ್ನುವುದು ಮೊದಲನೆಯದು.

ಜಲ್ಲಿಯ ವಿಚಾರ ಬೇಗ ಮುಗಿಯುತ್ತದೆ. ನಿಜವಾದ ಹಳಿಯ ಜಲ್ಲಿ ಸುಮಾರು 30ರಿಂದ 60 ಮಿ.ಮೀ. ಗಾತ್ರದ್ದು. 1:87ಕ್ಕೆ ಇಳಿಸಿದರೆ ಅದು 0.35ರಿಂದ 0.7 ಮಿ.ಮೀ.; 1:160ರ ಎನ್ ಸ್ಕೇಲಿಗೆ 0.2ರಿಂದ 0.4. ಎಚ್‌ಒಗೆಂದು ಸಿಗುವ ಎಷ್ಟೋ ಪೊಟ್ಟಣಗಳಲ್ಲಿ ಕಾಳು ಇದಕ್ಕಿಂತ ದಪ್ಪ ಇರುತ್ತದೆ. ಫೋಟೋ ತೆಗೆದಾಗ ಹಳಿಯ ಸುತ್ತ ಬಂಡೆ ಸುರಿದಂತೆ ಕಾಣುವುದು ಅದರಿಂದಲೇ. ಅನುಮಾನ ಬಂದರೆ ಒಂದು ಅಳತೆ ಸಣ್ಣದನ್ನೇ ತೆಗೆದುಕೊಳ್ಳಿ.

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ: ವಾಲ್‌ನಟ್ ಚಿಪ್ಪನ್ನು ಪುಡಿಮಾಡಿ ಬಣ್ಣ ಹಾಕಿದ್ದು, ನಿಜವಾದ ಕಲ್ಲನ್ನು ಜರಡಿ ಹಿಡಿದದ್ದು. ಚಿಪ್ಪು ಹಗುರ. 100 ಮಿ.ಲೀ. ಕಲ್ಲು ಸುಮಾರು 150 ಗ್ರಾಂ ತೂಗಿದರೆ ಚಿಪ್ಪು ಅದರ ಅರ್ಧದಷ್ಟೇ. ಬಿಡಿ ಹಲಗೆಗಳಾಗಿ ಹೊತ್ತೊಯ್ಯುವ ಲೇಔಟಿಗೆ ಇದು ಅನುಕೂಲ. ಆದರೆ ಕಾಳುಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದಾಗಿ ದ್ರವ ಬಿದ್ದ ತಕ್ಷಣ ಚಿಪ್ಪು ತೇಲುತ್ತದೆ. ಅಷ್ಟು ಹೊತ್ತು ಕೂತು ತಿದ್ದಿದ ಅಂಚು ಒಂದೇ ಹನಿಗೆ ಕದಡುತ್ತದೆ. ಕಲ್ಲು ಹಾಕಿದ ಕಡೆಯೇ ಕೂರುತ್ತದೆ, ಬಣ್ಣದಲ್ಲಿ ಸಹಜವಾದ ಏರಿಳಿತವೂ ಇರುತ್ತದೆ. ಅದಕ್ಕೊಂದು ಪರೀಕ್ಷೆ ಮಾತ್ರ ಕಡ್ಡಾಯ: ಬಿಳಿ ಹಾಳೆಯ ಮೇಲೆ ಹರಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ಮೇಲೆ ಆಡಿಸಿ. ಕಬ್ಬಿಣದಂಶದ ಕಾಳುಗಳು ಎಂಜಿನ್ನಿನ ಮೋಟರಿನ ಅಯಸ್ಕಾಂತಕ್ಕೆ ಎಗರಿ ಗೇರಿನೊಳಗೆ ಸೇರಿಬಿಡುತ್ತವೆ. ಹಲಗೆ ಹೊರುವ ಪ್ರಮೇಯ ಇಲ್ಲದಿದ್ದರೆ ನನ್ನ ಮತ ಕಲ್ಲಿಗೇ.

ಜಲ್ಲಿ ಸುರಿಯುವ ಮುಂಚೆ ಮುಗಿಸಬೇಕಾದ ಕೆಲಸಗಳಿವೆ. ಹಳಿಯ ಪಕ್ಕಗಳಿಗೆ ತುಕ್ಕಿನ ಬಣ್ಣ ಬಳಿಯಿರಿ. ಆಮೇಲೆ ಬಳಿಯಲು ಹೋದರೆ ಜಲ್ಲಿಗೂ ಹತ್ತುತ್ತದೆ. ಪ್ರತಿ ಹಳಿ ತುಂಡಿಗೂ ವಿದ್ಯುತ್ ತಂತಿ ಬೆಸುಗೆ ಹಾಕಿ, ಏಕೆಂದರೆ ಅಂಟು ಜಾಯಿನರ್ (ಎರಡು ಹಳಿ ತುಂಡು ಜೋಡಿಸುವ ಲೋಹದ ಪಟ್ಟಿ) ಒಳಗೆ ಇಳಿದು ಒಣಗಿದರೆ ಅಲ್ಲಿ ಕರೆಂಟು ಹರಿಯುವುದು ನಂಬುವಂತಿಲ್ಲ. ಹಾರ್ಡ್‌ಬೋರ್ಡ್ ಅಥವಾ ಎಂಡಿಎಫ್ ತಳವಾದರೆ ಮೊದಲೇ ಬಣ್ಣ ಹೊಡೆದು ಮುಚ್ಚಿ, ಇಲ್ಲವಾದರೆ ನೀರು ಕುಡಿದು ಉಬ್ಬುತ್ತದೆ. ಹಳಿ ಹಿಡಿದಿಟ್ಟಿರುವ ಉಕ್ಕಿನ ಮೊಳೆಗಳು ಒದ್ದೆಯಲ್ಲಿ ತುಕ್ಕು ಬಿಟ್ಟು ಸ್ಲೀಪರ್ (ಹಳಿಯ ಕೆಳಗಿನ ಅಡ್ಡಪಟ್ಟಿ) ಮೇಲೆ ಕಂದು ಕಲೆ ಮಾಡುತ್ತವೆ. ಅವುಗಳ ತಲೆಗೂ ಒಂದು ಚುಕ್ಕೆ ಬಣ್ಣ ಇರಲಿ. ನಿಮ್ಮಲ್ಲಿರುವ ಅತಿ ಉದ್ದದ ಗಾಡಿಯನ್ನು ಎರಡೂ ದಿಕ್ಕಿಗೆ ಓಡಿಸಿ, ಎಲ್ಲೂ ತಪ್ಪದಿದ್ದರೆ ಮಾತ್ರ ಮುಂದಿನ ಕೆಲಸ.

ಒಂದು ಮೀಟರ್ ಒಂಟಿ ಹಳಿಗೆ, ಎರಡೂ ಬದಿಯ ಇಳಿಜಾರು ಸೇರಿ, ಸುಮಾರು 100 ಮಿ.ಲೀ. ಜಲ್ಲಿ ಬೇಕು. ಮೊದಲು ಹಳಿಗಳ ನಡುವೆ ಚಮಚದಿಂದ ಸುರಿದು, ಅರ್ಧ ಇಂಚಿನ ಮೆತ್ತನೆಯ ಚಪ್ಪಟೆ ಬ್ರಷ್ಷಿನಿಂದ ಎಳೆಯುತ್ತಾ ಹೋಗಿ. ಆಮೇಲೆ ಬದಿಗಳು. ಮಟ್ಟ ಸ್ಲೀಪರ್ ಮೈಗಿಂತ ಕೂದಲೆಳೆಯಷ್ಟು ಕೆಳಗಿರಲಿ. ಕೊನೆಗೆ ಬ್ರಷ್ಷಿನ ಹಿಡಿಯಿಂದ ಹಳಿಯ ತಲೆಯನ್ನು ಮೆಲ್ಲಗೆ ತಟ್ಟಿದರೆ ಸ್ಲೀಪರ್ ಮೇಲೆ ಉಳಿದ ಕಾಳುಗಳು ತಾವಾಗಿಯೇ ಕೆಳಗಿಳಿಯುತ್ತವೆ. ಹಳಿಯ ಒಳಪಕ್ಕದಲ್ಲಿ, ಹಳಿಯನ್ನು ಸ್ಲೀಪರಿಗೆ ಹಿಡಿದಿಡುವ ಚೇರ್‌ಗಳ ಸಂದಿನಲ್ಲಿ ನಿಂತ ಒಂದೊಂದು ಕಾಳನ್ನೂ ಈಗಲೇ ತೆಗೆಯಿರಿ. ಅಂಟಿದ ಮೇಲೆ ಅದೇ ಕಾಳು ಚಕ್ರದ ಅಂಚನ್ನು ಎತ್ತುತ್ತದೆ, ಕೋಡ್ 75ರಂಥ (0.075 ಇಂಚು ಎತ್ತರದ) ಗಿಡ್ಡ ಹಳಿಯಲ್ಲಂತೂ ಖಂಡಿತ. ಹಾಕಲು ಹಿಡಿಯುವ ಸಮಯಕ್ಕಿಂತ ತಿದ್ದಲು ಹಿಡಿಯುವುದೇ ಜಾಸ್ತಿ, ಅದಕ್ಕೆ ಬೇಸರ ಪಡಬಾರದು.

ಇನ್ನು ನೆನೆಸುವುದು. ಒಣ ಜಲ್ಲಿಯ ಮೇಲೆ ತೆಳು ಅಂಟನ್ನು ನೇರವಾಗಿ ಬಿಟ್ಟು ಹತ್ತಿರದಿಂದ ನೋಡಿ. ಹನಿ ಒಳಗಿಳಿಯುವುದಿಲ್ಲ, ಒಣ ಧೂಳಿಗೆ ಬಿದ್ದ ಮೊದಲ ಮಳೆಹನಿಯಂತೆ ಗುಂಡಗೆ ನಿಂತು, ಮೈಗೆಲ್ಲ ಕಾಳು ಮೆತ್ತಿಕೊಂಡು ಉರುಳುತ್ತದೆ, ಹಿಂದೆ ಒಂದು ಗುಳಿ ಉಳಿಯುತ್ತದೆ. ನೀರಿನ ಮೇಲ್ಮೈ ಎಳೆತ ಹೆಚ್ಚಿರುವುದೇ ಕಾರಣ: ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಐಸೊಪ್ರೊಪೈಲ್ ಆಲ್ಕೊಹಾಲಿನದು ಅದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಸುಮಾರು 22. ಹಾಗಾಗಿ 70 ಶೇಕಡಾ ಐಸೊಪ್ರೊಪೈಲ್ ಸಿಂಪಡಿಸಿದರೆ ನೋಡನೋಡುತ್ತಲೇ ತಳದವರೆಗೆ ಇಳಿಯುತ್ತದೆ. ಅದೇ ಕೆಲಸಕ್ಕೆ ಒಂದು ಲೀಟರ್ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ್ದೂ ಆಗುತ್ತದೆ, ಇಳಿಯಲು ಸ್ವಲ್ಪ ಹೊತ್ತು ಬೇಕಷ್ಟೆ. ಕಲ್ಲಿಗೆ ಸೋಪಿನ ನೀರು ಸಾಕು. ತೇಲುವ ಚಿಪ್ಪಿಗೆ ಆಲ್ಕೊಹಾಲೇ ಬೇಕು. ಆಲ್ಕೊಹಾಲಿಗೆ ಎರಡು ತಕರಾರಿವೆ: ಹಳಿಗೆ ಬಳಿದ ಅಕ್ರಿಲಿಕ್ ಬಣ್ಣವನ್ನು ಮೆತ್ತಗೆ ಮಾಡುತ್ತದೆ, ಬೇಗ ಬೆಂಕಿ ಹಿಡಿಯುತ್ತದೆ. ಕಿಟಕಿ ತೆರೆದಿರಲಿ, ಲೇಔಟಿನ ವಿದ್ಯುತ್ ಆರಿಸಿರಲಿ.

ಸ್ಪ್ರೇಯರನ್ನು ಜಲ್ಲಿಯತ್ತ ಗುರಿಯಿಟ್ಟು ಒತ್ತಬೇಡಿ. ಒಂದಡಿ ಎತ್ತರದಲ್ಲಿ ಅಡ್ಡಲಾಗಿ ಹೊಡೆದು ಮಂಜು ತಾನಾಗಿ ಕೆಳಗೆ ಬೀಳಲು ಬಿಡಿ. ಜಲ್ಲಿಯ ಬಣ್ಣ ಎಲ್ಲೆಡೆ ಒಂದೇ ಸಮ ಗಾಢವಾಯಿತೆಂದರೆ ನೆನೆದಿದೆ ಎಂದರ್ಥ.

ಈಗ ಅಂಟು. ಮರಗೆಲಸದ ಬಿಳಿ ಅಂಟು, ಅಂದರೆ ಪಿವಿಎ, ಎಲ್ಲ ಕಡೆ ಸಿಗುತ್ತದೆ. ಒಂದು ಪಾಲು ಅಂಟಿಗೆ ಎರಡು ಪಾಲು ನೀರು, 150 ಮಿ.ಲೀ. ಮಿಶ್ರಣಕ್ಕೆ ಮೂರು ನಾಲ್ಕು ಹನಿ ಸೋಪು. ಡ್ರಾಪರಿನಿಂದ ಹಳಿಗಳ ನಡುವೆ ಬಿಡುತ್ತಾ ಬಂದು, ಬದಿಯಲ್ಲಿ ಸ್ಲೀಪರ್ ತುದಿಗೆ ಬಿಡಿ. ಅಲ್ಲಿಂದ ಇಳಿಜಾರಿಗೆ ತಾನೇ ಹರಿಯುತ್ತದೆ. ಮೀಟರಿಗೆ 35ರಿಂದ 40 ಮಿ.ಲೀ. ಬೇಕಾಗುತ್ತದೆ. ಹಾಲಿನಂಥ ದ್ರವ ಕಾಳುಗಳ ಸಂದಿಯಲ್ಲಿ ಕಂಡರೆ ಸಾಕಷ್ಟಾಯಿತು. ಇದಕ್ಕಿಂತ ದಪ್ಪ ಮಾಡಿದರೆ ಮೇಲೊಂದು ಹೊಪ್ಪಳೆ ಕಟ್ಟಿ ಕೆಳಗೆಲ್ಲ ಒಣ ಪುಡಿಯಾಗಿಯೇ ಉಳಿಯುತ್ತದೆ, ಹಲಗೆ ಅಲುಗಿದಾಗ ತಟ್ಟೆ ತಟ್ಟೆಯಾಗಿ ಏಳುತ್ತದೆ. ತೀರಾ ತೆಳುವಾದರೆ ಬೆರಳಾಡಿಸಿದಾಗ ಕಾಳು ಉದುರುತ್ತದೆ. ಆಲ್ಕೊಹಾಲನ್ನು ಅಂಟಿನ ಬಾಟಲಿಗೇ ಸುರಿಯುವ ಚುರುಕುತನ ಬೇಡ. ಕೆಲವು ಬಿಳಿ ಅಂಟುಗಳು ಒಡೆದು ಗಂಟು ಕಟ್ಟುತ್ತವೆ.

ಪಿವಿಎ ಒಣಗಿದ ಮೇಲೆ ಗಟ್ಟಿ. ಕಲ್ಲು ಮೊದಲಿನದಕ್ಕಿಂತ ತುಸು ಕಪ್ಪಾಗಿ, ಓರೆ ಬೆಳಕಿನಲ್ಲಿ ಅಲ್ಲಲ್ಲಿ ಮಿಣುಗುತ್ತದೆ. ಗಟ್ಟಿತನದ ಇನ್ನೊಂದು ಬೆಲೆ ಸದ್ದು: ಸ್ಲೀಪರಿನಿಂದ ಕಾರ್ಕ್ ದಾಟಿ ಪ್ಲೈವುಡ್ಡಿನವರೆಗೆ ಒಂದೇ ಗಟ್ಟಿ ಪದರ ಏರ್ಪಟ್ಟು ಚಕ್ರದ ಕಂಪನವೆಲ್ಲ ಹಲಗೆಗೆ ಇಳಿಯುತ್ತದೆ. ಬದಿಯ ಇಳಿಜಾರಿನ ಜಲ್ಲಿ ಹಲಗೆಗೆ ತಾಗದ ಹಾಗೆ ಕಾರ್ಕಿನ ಅಂಚಿನಲ್ಲೇ ನಿಲ್ಲಿಸಿದರೆ ಸದ್ದು ಎಷ್ಟೋ ತಗ್ಗುತ್ತದೆ. ಒಂದು ದೊಡ್ಡ ಗುಣವೆಂದರೆ ಬೇಡವೆನಿಸಿದಾಗ ಬಿಟ್ಟುಕೊಡುತ್ತದೆ. ಬಿಸಿನೀರು ಹನಿಸಿ ಕಾಲು ಗಂಟೆ ಬಿಟ್ಟರೆ ಮೆತ್ತಗಾಗಿ, ಚಪ್ಪಟೆ ಪಟ್ಟಿಯಿಂದ ಕೆರೆದು ಹಳಿಯನ್ನು ಉಳಿಸಿಕೊಳ್ಳಬಹುದು. ನೀರು ತಡೆಯುವ ಬಗೆಯ ಮರದ ಅಂಟನ್ನು ತಂದಿದ್ದರೆ ಈ ಅನುಕೂಲ ಇರುವುದಿಲ್ಲ, ಡಬ್ಬದ ಮೇಲಿನದನ್ನು ಓದಿ ತನ್ನಿ.

ಮ್ಯಾಟ್ ಮೀಡಿಯಂ ಅಂದರೆ ಚಿತ್ರ ಬರೆಯುವವರ ಬಣ್ಣವಿಲ್ಲದ ಅಕ್ರಿಲಿಕ್. ಒಂದಕ್ಕೆ ಮೂರು ಪಾಲು ನೀರು. ನೋಟದಲ್ಲಿ ಇದೇ ಗೆಲ್ಲುತ್ತದೆ: ಹೊಳಪಿಲ್ಲ, ಕಲ್ಲಿನ ಬಣ್ಣ ಹೆಚ್ಚುಕಡಿಮೆ ಒಣಗಿದ್ದಾಗಿನಂತೆಯೇ ಉಳಿಯುತ್ತದೆ, ಪದರಕ್ಕೆ ಸ್ವಲ್ಪ ಬಳುಕು ಇರುತ್ತದೆ. ಕಾರ್ಕಿನ ಮೇಲೆ ಸದ್ದಿನ ವ್ಯತ್ಯಾಸ ಪಿವಿಎಗೆ ಹೋಲಿಸಿದರೆ ಅಲ್ಪವೇ. ಮೆತ್ತನೆಯ ಫೋಮ್ ತಳದ ಮೇಲೆ ಮಾತ್ರ ಕಿವಿಗೆ ಗೊತ್ತಾಗುತ್ತದೆ. ಇದರ ಕಾಟ ಒಂದೇ. ಹೊಳಪು ಕುಂದಿಸಲು ಸೇರಿಸಿದ ಪುಡಿ ತೆಳು ಮಿಶ್ರಣದಲ್ಲಿ ತಳಕ್ಕೆ ಕೂರುತ್ತದೆ. ಕುಲುಕದೆ ಬಳಸುತ್ತಾ ಹೋದರೆ ಬಾಟಲಿಯ ಕೊನೆಯ ಪಾಲು ಬಿದ್ದ ಕಡೆ ಬೂದಿ ಬಳಿದಂತೆ ಬಿಳಿ ಮಬ್ಬು ಬರುತ್ತದೆ, ಕಪ್ಪು ಜಲ್ಲಿಯ ಮೇಲೆ ಅದು ಎದ್ದು ಕಾಣುತ್ತದೆ. ಪ್ರತಿ ಸಲ ಡ್ರಾಪರ್ ತುಂಬುವ ಮುಂಚೆ ಕಲಕಬೇಕು. ತೆಗೆಯುವಾಗ ನೀರಿಗೆ ಬಗ್ಗುವುದಿಲ್ಲ, ಐಸೊಪ್ರೊಪೈಲ್ ಸುರಿದು ಮೆತ್ತಗಾದ ಮೇಲೆ ಕೆರೆಯಬೇಕು. ಅಷ್ಟರಲ್ಲಿ ಹಳಿಯ ಬಣ್ಣವೂ ಹೋಗಿರುತ್ತದೆ.

ಲೇಟೆಕ್ಸ್ ಅಂಟು, ಕಾರ್ಪೆಟ್ ಅಂಟಿಸಲು ಬಳಸುವ ರಬ್ಬರಿನದು, ಸದ್ದಿನಲ್ಲಿ ಎಲ್ಲರಿಗಿಂತ ಮೇಲು. ಸಮಪಾಲು ನೀರು, ಒಂದೆರಡು ಹನಿ ಸೋಪು. ಒಣಗಿದರೂ ರಬ್ಬರಿನಂತೆ ಬಳುಕುವುದರಿಂದ ಕಂಪನ ಅಲ್ಲೇ ಸಾಯುತ್ತದೆ. ಹಳಿ ಎಬ್ಬಿಸಬೇಕಾದಾಗ ಪಟ್ಟಿ ಪಟ್ಟಿಯಾಗಿ ಸುಲಿದು ಬರುತ್ತದೆ, ನೀರೂ ಬೇಡ, ಆಲ್ಕೊಹಾಲೂ ಬೇಡ. ಆದರೆ ಬಳಸುವುದು ರಗಳೆ. ಅಮೋನಿಯಾ ವಾಸನೆ, ಡ್ರಾಪರಿನ ಬಾಯಿ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ, ಸ್ಲೀಪರ್ ಮೇಲೆ ಬಿದ್ದ ಹನಿ ಹಳದಿ ಮಿಶ್ರಿತ ಕಲೆಯಾಗಿ ಕೂರುತ್ತದೆ. ಎಲ್ಲಕ್ಕಿಂತ ಮುಖ್ಯ, ಜಲ್ಲಿಯನ್ನು ಆಲ್ಕೊಹಾಲಿನಲ್ಲಿ ನೆನೆಸಿದ್ದರೆ ಲೇಟೆಕ್ಸ್ ತಾಗಿದ ಕ್ಷಣವೇ ಹೆಪ್ಪುಗಟ್ಟುತ್ತದೆ. ಒಳಗೆ ಒಂದು ತೊಟ್ಟೂ ಇಳಿಯದೆ ಮೇಲೆ ರಬ್ಬರ್ ಗುಳಿಗೆಗಳು ಉಳಿಯುತ್ತವೆ. ಇದಕ್ಕೆ ಸೋಪಿನ ನೀರೇ ಸರಿ, ಹಾಗಾಗಿ ತೇಲುವ ಚಿಪ್ಪಿಗೂ ಲೇಟೆಕ್ಸಿಗೂ ಹೊಂದಿಕೆಯಾಗುವುದಿಲ್ಲ.

ಹಾಗಾದರೆ ಯಾವುದು? ಕಣ್ಣೆದುರಿನ ಮುಖ್ಯ ಮಾರ್ಗಕ್ಕೆ ಕಲ್ಲಿನ ಜಲ್ಲಿ, ಸೋಪಿನ ನೀರು, ಮ್ಯಾಟ್ ಮೀಡಿಯಂ. ಹೇಗೂ ಎಣ್ಣೆ, ಮಸಿ ಬಳಿದು ಮಾಸಲು ಮಾಡುವ ಯಾರ್ಡಿಗೆ ಪಿವಿಎ ಸಾಕು, ಅದರ ಮಿಣುಗು ಅಲ್ಲಿ ಮುಚ್ಚಿಹೋಗುತ್ತದೆ. ನಕ್ಷೆ ಇನ್ನೂ ಪಕ್ಕಾ ಆಗದ ಲೇಔಟಿಗೂ ಪಿವಿಎಯೇ ಕ್ಷೇಮ. ಮಲಗುವ ಕೋಣೆಯಲ್ಲಿ ಲೇಔಟ್ ಇಟ್ಟುಕೊಂಡವರು ಲೇಟೆಕ್ಸಿನ ರಗಳೆ ಸಹಿಸುವುದು ಸಾರ್ಥಕ. ಯಾವುದಾದರೂ ಸರಿ, ಹಸಿಯಿರುವಾಗಲೇ ಹಳಿಯ ತಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, 24 ಗಂಟೆ ಮುಟ್ಟಬೇಡಿ. ಕಾರ್ಕ್ ಮೇಲೆ ದಪ್ಪ ಪದರವಿದ್ದರೆ 48.

ಪಾಯಿಂಟುಗಳಿಗೆ, ಅಂದರೆ ಗಾಡಿ ಹಳಿ ಬದಲಿಸುವ ಕವಲುಗಳಿಗೆ, ಮೇಲಿನ ಯಾವ ವಿಧಾನವೂ ಹಾಗೇ ಸಲ್ಲದು. ತೆಳು ಅಂಟು ಸಂದಿ ಹಿಡಿದು ಟೈಬಾರ್ (ಎರಡು ಬ್ಲೇಡುಗಳನ್ನು ಜೋಡಿಸಿ ಆಚೀಚೆ ಸರಿಸುವ ಅಡ್ಡಪಟ್ಟಿ) ಕೆಳಗೆ ನುಗ್ಗುತ್ತದೆ, ಬ್ಲೇಡು, ಅಂದರೆ ಕವಲಿನ ಚೂಪು ತುದಿಯ ಹಳಿ, ಅಲ್ಲಾಡದಂತೆ ಹಿಡಿಯುತ್ತದೆ. ಟೈಬಾರ್ ಓಡಾಡುವ ಕಡೆ ಜಲ್ಲಿ ಹಾಕಲೇಬೇಡಿ. ಆ ಜಾಗಕ್ಕೆ ಜಲ್ಲಿಯದೇ ಗಾಢ ಬಣ್ಣ ಬಳಿದರೆ ಒಂದಡಿ ದೂರದಿಂದ ಗೊತ್ತಾಗುವುದಿಲ್ಲ. ಉಳಿದ ಸ್ಲೀಪರ್‌ಗಳ ಸಂದಿಗೆ ನೀರು ಬೆರೆಸದ ಪಿವಿಎಯನ್ನು ಹಲ್ಲುಕಡ್ಡಿಯಿಂದ ಸವರಿ, ಮೇಲೆ ಒಣ ಜಲ್ಲಿ ಉದುರಿಸಿ, ಒಣಗಿದ ಮೇಲೆ ಹೆಚ್ಚಿನದನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದುಕೊಳ್ಳಿ. ಪೈಪಿನ ಬಾಯಿಗೆ ಹಳೆಯ ಕಾಲುಚೀಲ ಕಟ್ಟಿದರೆ ಆ ಜಲ್ಲಿ ಮರಳಿ ಸಿಗುತ್ತದೆ. ಬ್ಲೇಡಿನ ಕೀಲಿಗೆ ಮೊದಲೇ ಪ್ಲಾಸ್ಟಿಕ್ಕಿಗೆ ಒಗ್ಗುವ ಎಣ್ಣೆ ಒಂದೇ ಒಂದು ಹನಿ ಹಾಕಿ, ಮೊದಲ ಒಂದು ಗಂಟೆ ಹತ್ತು ನಿಮಿಷಕ್ಕೊಮ್ಮೆ ಪಾಯಿಂಟನ್ನು ಆಚೀಚೆ ತಳ್ಳುತ್ತಿರಿ. ಗಾರ್ಡ್ ರೈಲಿನ (ಚಕ್ರ ದಾರಿ ತಪ್ಪದಂತೆ ಹಳಿಯ ಪಕ್ಕದಲ್ಲಿರುವ ತುಂಡು ಹಳಿ) ಸಂದಿಯಲ್ಲಿ ಒಂದು ಹಾಳೆಯ ತುಂಡನ್ನು ಎಳೆದು ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ಗಾಡಿಯೂ ತಪ್ಪುವುದು.