ಐವಿಎಫ್ ಮಾಡಿಸುವ ಸಿಬ್ಬಂದಿಗೆ ಹಣವೋ, ಸಮಯವೋ?

ನಿಮ್ಮದು ಬೆಂಗಳೂರಿನ ಸಣ್ಣ ಕಂಪನಿ. ಮಕ್ಕಳಾಗಲು ಚಿಕಿತ್ಸೆ ಪಡೆಯುತ್ತಿರುವ ಸಿಬ್ಬಂದಿಗೆ ನೆರವಾಗಬೇಕು, ಆದರೆ ಒಂದಕ್ಕೇ ಬಜೆಟ್ ಇದೆ ಅಂದುಕೊಳ್ಳಿ: ವಿಮೆಯಲ್ಲಿ ಐವಿಎಫ್ (ಅಂಡಾಣು ಹೊರತೆಗೆದು, ಲ್ಯಾಬಿನಲ್ಲಿ ಭ್ರೂಣ ಮಾಡಿ, ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ) ಸೇರಿಸುವುದು, ಇಲ್ಲವೇ ರಜೆ ಮತ್ತು ಕೆಲಸದ ವೇಳೆಯಲ್ಲಿ ಸಡಿಲಿಕೆ.

ವಿಮೆಯ ಲಾಭ ಸ್ಪಷ್ಟ. ಒಂದು ಸುತ್ತಿಗೇ ಲಕ್ಷದ ಮೇಲೆ ಖರ್ಚಾಗುತ್ತದೆ, ಮೊದಲ ಸಲವೇ ಫಲಿಸುತ್ತದೆ ಎಂದೇನಿಲ್ಲ. ವಿಮೆ ಕೊಡುವ ಹಣದ ಮಿತಿ ಎಷ್ಟು, ಪಾಲಿಸಿ ಶುರುವಾದ ಮೇಲೆ ಆ ಸೌಲಭ್ಯಕ್ಕೆ ಕಾಯುವ ಅವಧಿ ಎಷ್ಟು ಅಂತ ಮಾತ್ರ ನೋಡಿಕೊಳ್ಳಿ.

ಸಮಯದ ಕಥೆಯೇ ಬೇರೆ. ಸುಮಾರು 10-12 ದಿನ ಇಂಜೆಕ್ಷನ್, ನಡುನಡುವೆ ಸ್ಕ್ಯಾನ್. ಅಂಡಾಣು ತೆಗೆಯುವ ದಿನ ಮೊದಲೇ ಗೊತ್ತಿರುವುದಿಲ್ಲ. ಅವು ಬೆಳೆದ ಹಾಗೆ ಡಾಕ್ಟರು ಹೇಳುತ್ತಾರೆ. ಭ್ರೂಣ ಇಟ್ಟ ಮೇಲೆ ಫಲಿತಾಂಶಕ್ಕೆ ಸುಮಾರು ಎರಡು ವಾರ ಕಾಯಬೇಕು. ಪ್ರತಿ ಸಲ ಸುಮ್ನೆ ‘ಹೊಟ್ಟೆನೋವು’ ಅಂತ ಸುಳ್ಳು ಹೇಳುವುದು ಯಾರಿಗೆ ಬೇಕು, ಅಲ್ವಾ? ಗರ್ಭಪಾತವಾದರೆ ಹೆರಿಗೆ ಸೌಲಭ್ಯದ ಕಾನೂನಿನಲ್ಲಿ 6 ವಾರ ಸಂಬಳದ ರಜೆ ಇದೆ. ಐವಿಎಫ್ ಫಲಿಸದಿದ್ದರೆ ಅಂಥದ್ದೇನೂ ಇಲ್ಲ.

ನನ್ನನ್ನು ಕೇಳಿದರೆ, ಮೊದಲು ಸಮಯ ಕೊಡಿ. ಗಂಡಸರಿಗೂ ಕೊಡಿ, ತೊಂದರೆ ಅವರಲ್ಲೂ ಇರಬಹುದು. ಕಾರಣವನ್ನು ಎಚ್‌ಆರ್‌ಗೆ ಮಾತ್ರ ತಿಳಿಸಿದರೆ ಸಾಕು, ಮ್ಯಾನೇಜರಿಗೆ ಬೇಡ ಅನ್ನುವ ನಿಯಮ ಇಡಿ. ಪ್ರೀಮಿಯಂ ಕೈಗೆಟುಕಿದರೆ ಮುಂದಿನ ವರ್ಷ ವಿಮೆಯನ್ನೂ ಸೇರಿಸಿ.